ಬೆಲ್ಲದ ಬಣ್ಣ, ಅಣ್ಣನ ಕಣ್ಣು

ಚೌಕಾಸಿಯಲ್ಲಿ ಎದುರಿನವರು ತೀರಾ ಸುಲಭವಾಗಿ ಸೋತರೆ ನಿಮ್ಮ ಬೆನ್ನನ್ನು ನೀವೇ ತಟ್ಟಿಕೊಳ್ಳಬೇಡಿ. ಅವರಿಗೆ ಏನಾಗಿದೆ ಎಂದು ಮೊದಲು ನೋಡಿ. ಇದನ್ನು ನನಗೆ ಕಲಿಸಿದವನು ನನ್ನ ಸ್ವಂತ ಅಣ್ಣ, ಅದೂ ಕಲಿಸುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿಲ್ಲದೆ.

ಅಣ್ಣನದು ಹೊಳಲಿನ ಹತ್ತಿರ, ಗದ್ದೆಯಂಚಿನಲ್ಲಿ ಆಲೆಮನೆ. ಒಂದು ಕಡೆ ಕಬ್ಬು ಅರೆಯುವ ಗಾಣ, ನಡುವೆ ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆ, ಆಚೆಗೆ ಬೆಲ್ಲ ಆರಲು ಮರದ ತೊಟ್ಟಿ ಮತ್ತು ಅಚ್ಚುಗಳು. ನನ್ನದು ಸೋಮನಹಳ್ಳಿಯಲ್ಲಿ ರಸ್ತೆ ಬದಿಯ ಬೆಲ್ಲದ ಅಂಗಡಿ. ಅವನು ಬೇಯಿಸುತ್ತಾನೆ, ನಾನು ಮಾರುತ್ತೇನೆ. ಒಡಹುಟ್ಟಿದವಳು ಎಂದು ಅವನು ದರ ಇಳಿಸಿದವನಲ್ಲ, ಒಡಹುಟ್ಟಿದವನು ಎಂದು ನಾನು ಚೌಕಾಸಿ ಬಿಟ್ಟವಳೂ ಅಲ್ಲ.

ಬಿಡಲು ನನಗೆ ಬರುವುದೂ ಇಲ್ಲ. ನಾನು ವ್ಯಾಪಾರ ಶುರು ಮಾಡಿದ್ದು ಹಲಗೂರಿನ ಬಸ್ ನಿಲ್ದಾಣದಲ್ಲಿ, ತಲೆಯ ಮೇಲೆ ಬೆಲ್ಲದ ಬುಟ್ಟಿ ಹೊತ್ತುಕೊಂಡು. ಕಿಟಕಿಯ ಒಳಗಿಂದ ಗಿರಾಕಿ ಕೈ ಚಾಚುತ್ತಿದ್ದ, ಹೊರಗೆ ನಾನು ಬೆಲ್ಲ ಹಿಡಿದು ನಿಲ್ಲುತ್ತಿದ್ದೆ. ಕಂಡಕ್ಟರು ಸೀಟಿ ಊದುವವರೆಗೂ ದರ ಇಳಿಸದೆ ತಡೆದುಕೊಂಡರೆ ಗೆದ್ದಂತೆ. ಬಸ್ಸು ಹೊರಟರೆ ಬೆಲ್ಲ ಸಿಗುವುದಿಲ್ಲ ಎಂಬ ಆತುರ ಅವರಿಗೆ. ನನಗೇನು, ಹಿಂದೆಯೇ ಇನ್ನೊಂದು ಬಸ್ಸು ಬರುತ್ತದೆ. ಅಲ್ಲಿಂದ ಮಳವಳ್ಳಿ ಸಂತೆಯಲ್ಲಿ ಒಂದು ತಳ್ಳುಗಾಡಿ, ಆಮೇಲೆ ಈ ಅಂಗಡಿ. ಹೊಸ ಹೆದ್ದಾರಿ ಊರು ತಪ್ಪಿಸಿಕೊಂಡು ಹೋದ ಮೇಲೆ ಕಾರುಗಳು ಕಡಿಮೆಯಾದವು ಎಂದು ಅಕ್ಕಪಕ್ಕದವರು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಈಗ ಹಳೆಯ ರಸ್ತೆಗೆ ಇಳಿದು ಬರುವವರು ಬಿಳುಪಿನ ಪುಡಿ ಹಾಕದ ಬೆಲ್ಲ ಬೇಕೆಂದೇ ಬರುವವರು. ಅಂಥವರು ಬರಿಗೈಯಲ್ಲಿ ಹೋಗುವುದಿಲ್ಲ.

ಕೊಳ್ಳುವ ಗುಟ್ಟು ಎರಡು ಹೇಳುತ್ತೇನೆ, ಬೇಕಾದರೆ ಬರೆದಿಟ್ಟುಕೊಳ್ಳಿ. ಒಂದು, ದರ ಕುದುರುವ ಮೊದಲು ಮಾರುವವರು ಕೊಟ್ಟ ಚೂರನ್ನು ಬಾಯಿಗೆ ಹಾಕಬೇಡಿ. ಬೆಲ್ಲ ಮೆಲ್ಲುತ್ತಿರುವ ಬಾಯಲ್ಲಿ ಬಿಗಿಯಾದ ಮಾತು ಬರುವುದಿಲ್ಲ. ಇನ್ನೊಂದು, ಸರಕಿನಲ್ಲಿ ಅಳೆದು ತೋರಿಸಲಾಗದ ಕೊರತೆಯನ್ನೇ ಹಿಡಿಯಿರಿ. ತೂಕ ಕಡಿಮೆ ಎಂದರೆ ತಕ್ಕಡಿ ತರುತ್ತಾರೆ. ಮರಳು ಇದೆ ಎಂದರೆ ನೀರಲ್ಲಿ ಕರಗಿಸಿ ತೋರಿಸುತ್ತಾರೆ. "ಬಣ್ಣ ಇಲ್ಲ" ಎಂದರೆ ಏನು ತೋರಿಸಿಯಾರು? ಹಾಗಾಗಿ ಪ್ರತಿ ಸಲ ಬೆಲ್ಲದ ಅಚ್ಚನ್ನು ಕೈಗೆ ತೆಗೆದುಕೊಂಡು, ಮುಖ ಸಣ್ಣದು ಮಾಡಿ, "ಈ ಸಲ ಬಣ್ಣ ಕೂತಿಲ್ಲ ಬುಡಣ್ಣ" ಎನ್ನುವುದು ನನ್ನ ರೂಢಿ. "ನಿನ್ನ ಕಣ್ಣಿಗೆ ಮಣ್ಣು ಬಿದ್ದದೆ, ಓಗಿ ತೊಳ್ಕೊಂಡು ಬಾ" ಎನ್ನುವುದು ಅವನ ರೂಢಿ. ಜಗಳವಾಡಿ, ಅತ್ತಿಗೆ ಕೊಟ್ಟ ಮಜ್ಜಿಗೆ ಕುಡಿದು, ನಡುವೆ ಎಲ್ಲೋ ಒಂದು ಕಡೆ ದರ ನಿಲ್ಲುತ್ತಿತ್ತು.

ಆಮೇಲಾಮೇಲೆ ಅಣ್ಣ ಬೈಯುವುದನ್ನು ಬಿಟ್ಟ. "ಬಣ್ಣ ಇಲ್ಲ" ಎಂದರೆ "ಔದೇನೋ" ಎನ್ನತೊಡಗಿದ. ನನ್ನ ಮಾತಿನ ವರಸೆ ಪಳಗಿದೆ ಎಂದು ನಾನು ಹಿಗ್ಗಿದೆ. ಅದರ ನಿಜ ಗೊತ್ತಾದದ್ದು ಅವನು ಒಂದು ದಿನ ಕೇಳಿದ ಪ್ರಶ್ನೆಯಿಂದ.

"ಅಮ್ಮಿ, ಎಲ್ರೂ ಆಕ್ತಾರಲ್ಲ ಆ ಬಿಳೀ ಪುಡಿ, ನಾವೂ ಒಂದೀಟು ಆಕ್ಬುಡಾನ ಅಂತ."

ಬೆಲ್ಲ ಬೆಳ್ಳಗೆ ಹೊಳೆಯುವಂತೆ ಮಾಡುವ ಆ ಪುಡಿಯನ್ನು ಮಾರಲು ಬಂದವನನ್ನು ಬೈಕಿನ ಸಮೇತ ನಾಲೆ ಏರಿಯವರೆಗೆ ಅಟ್ಟಿಸಿಕೊಂಡು ಹೋಗಿದ್ದ ಮನುಷ್ಯ ಇವನು. ಇವನ ಆಲೆಮನೆಯಲ್ಲಿ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ, ನೊರೆ ಇಳಿಸಲು ಒಂದಿಷ್ಟು ಎಣ್ಣೆ, ಅಷ್ಟೇ. ನನ್ನ ಅಂಗಡಿ ನಿಂತಿರುವುದೇ ಆ ನಂಬಿಕೆಯ ಮೇಲೆ.

"ಯಾಕಣ್ಣ, ಏನಾಯ್ತು ನಿಂಗೆ?"

"ನೀನೇ ಏಳ್ತಿದ್ಯಲ್ಲ ಬಣ್ಣ ಇಲ್ಲ ಅಂತ. ನಂಗೂ ಅಂಗೇ ಕಾಣ್ತದೆ ಈಚೀಚೆಗೆ."

ಅಚ್ಚೊಂದನ್ನು ಎತ್ತಿಕೊಂಡು ಅವನನ್ನು ಬಿಸಿಲಿಗೆ ಕರೆದುಕೊಂಡು ಹೋದೆ. ಜೇನಿನ ಬಣ್ಣದ, ಮುರಿದರೆ ಒಳಗೆ ಸಣ್ಣ ಹರಳು ಮಿಂಚುವ, ಒಳ್ಳೆಯ ಬೆಲ್ಲ. "ಇದು ಯಾವ ಬಣ್ಣ ಏಳು" ಎಂದೆ.

ಕಣ್ಣು ಕಿರಿದು ಮಾಡಿ, ಹತ್ತಿರ ತಂದು, ದೂರ ಹಿಡಿದು ನೋಡಿದ. "ಕೆರೆ ಮಣ್ಣಿನಂಗದೆ" ಎಂದ.

"ಬಣ್ಣ ಬಂಗಾರದಂಗದೆ ಕಣಣ್ಣ! ಪುಡಿಗಿಡಿ ಮುಟ್ಬೇಡ."

"ಓದ ಸಲ ಇಲ್ಲ ಅಂದೆ, ಈಗ ಬಂಗಾರ ಅಂತೀಯ. ಯಾವುದ ನಂಬನ ನಾನು?"

"ಅದು ಯಾಪಾರ, ಇದು ನಿಜ."

"ಎರಡ್ಕೂ ನಿನ್ನ ಮಕ ಒಂದೇ ತರ ಇರ್ತದಲ್ಲಮ್ಮಿ."

ಒಲೆಯ ಬಳಿ ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದ ಅತ್ತಿಗೆ ಆಗ ಬಾಯಿ ಬಿಟ್ಟಳು. "ಮೊನ್ನೆ ನಾನು ಬಾಗ್ಲಲ್ಲಿ ನಿಂತಿದ್ನಾ, ನನ್ನೇ ನೋಡ್ಕೊಂಡು 'ಯಾರು ಬೇಕಿತ್ತವ್ವ' ಅಂದ್ರು ಕಣಮ್ಮಿ ನಿಮ್ಮಣ್ಣ. ಇಷ್ಟು ವರ್ಸ ಬಾಳ್ವೆ ಮಾಡಿ ನಾನು ಯಾರು ಬೇಕು ಅಂತ ಏಳ್ಲಿ?"

ನಾವು ನಕ್ಕೆವು. ಅಣ್ಣನೂ ನಕ್ಕ. ಆದರೆ ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ಮಾತು ಹೇಳಿದಾಗ ನಗು ನಿಂತಿತು. ಹಿಂದಿನ ವಾರ ಕುದಿಯುವ ಪಾಕವನ್ನು ತೊಟ್ಟಿಗೆ ಸುರಿಯುವಾಗ ಅವನು ಅಂಚು ತಪ್ಪಿಸಿದ್ದ. ಪಾಕ ಅವನ ಕಾಲ ಪಕ್ಕದಲ್ಲೇ ನೆಲಕ್ಕೆ ಬಿದ್ದಿತ್ತು. ಬೆಲ್ಲದ ಪಾಕ ಬಿಸಿನೀರಿನಂತೆ ಜಾರಿ ಹೋಗುವುದಿಲ್ಲ. ಮೈಗೆ ಅಂಟಿ ಕೂತೇ ಸುಡುತ್ತದೆ. ಕಣ್ಣು ಸರಿಹೋಗಬೇಕು, ಇಲ್ಲವಾದರೆ ಒಲೆ ಆರಬೇಕು. ಬೇರೆ ದಾರಿ ಇರಲಿಲ್ಲ. ಒಲೆ ಆರಿದ ಆಲೆಮನೆಯಲ್ಲಿ ನನ್ನ ಅಣ್ಣ ಏನು ಮಾಡುತ್ತಾನೆ ಎಂದು ಯೋಚಿಸಲು ಹೋದರೆ ನನಗೆ ಏನೂ ತೋಚುತ್ತಿರಲಿಲ್ಲ.

ಮಂಡ್ಯದ ಕಣ್ಣಿನ ಡಾಕ್ಟರಮ್ಮ ಎರಡು ಕಣ್ಣಿಗೂ ಪೊರೆ ಬಂದಿದೆ ಎಂದರು. ಕಂದು ಗಾಜಿನ ಹಿಂದಿನಿಂದ ನೋಡಿದಂತೆ ಎಲ್ಲವೂ ಮಬ್ಬಾಗಿ, ಕೊಳೆಯಾಗಿ ಕಾಣುತ್ತದಂತೆ. ಆಪರೇಷನ್ ಸಣ್ಣದು, ಹೆದರಬೇಕಿಲ್ಲ. ಆದರೆ ರಕ್ತದಲ್ಲಿ ಸಕ್ಕರೆ ತುಂಬಾ ಏರಿದೆ, ಹೀಗಿರುವಾಗ ಕಣ್ಣಿಗೆ ಕೈ ಹಾಕಿದರೆ ಗಾಯ ಮಾಗುವುದಿಲ್ಲ, ಮೊದಲು ಅದು ಇಳಿಯಲಿ ಎಂದರು.

"ಬೆಲ್ಲ ತಿಂತೀರಾ?"

"ಬೆಲ್ಲ ಮಾಡ್ತೀನಿ, ತಿನ್ನಾಕಿಲ್ಲ" ಎಂದ ಅಣ್ಣ, ಎದೆ ಮುಂದೆ ಮಾಡಿಕೊಂಡು.

"ಸಕ್ಕರೆ ಬಿಟ್ಟಿದೀನಿ, ಬೆಲ್ಲ ನ್ಯಾಚುರಲ್ ಅಲ್ವಾ ಅಂತ ಸುಮಾರು ಜನ ತಿನ್ತಾರೆ. ಅದರಲ್ಲಿ ಒಂಚೂರು ಕಬ್ಬಿಣ, ಒಂಚೂರು ಖನಿಜ ಹೆಚ್ಚಿರಬಹುದು. ಆದರೆ ನಿಮ್ಮ ರಕ್ತಕ್ಕೆ ಎರಡೂ ಸಿಹಿನೇ."

ಇದು ನನಗೆ ಹೊಸತಲ್ಲ. ಅಂಗಡಿಯಲ್ಲಿ ದಿನಾ ಇದೇ ಕಥೆ. ಬೆಲ್ಲದ ಗುಣವನ್ನು ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು? ಬಿಸಿಲಲ್ಲಿ ಬಂದವರಿಗೆ ಮೊದಲು ಒಂದು ಚೂರು ಬೆಲ್ಲ, ಮೇಲೆ ಒಂದು ಲೋಟ ನೀರು ಕೊಡುತ್ತೇನೆ. ಕುಸಿದ ಮುಖಕ್ಕೆ ಕಳೆ ಬರುವುದು ಎದುರಿಗೇ ಕಾಣುತ್ತದೆ. ಶೀತಕ್ಕೆ ಶುಂಠಿ, ಮೆಣಸು, ಬೆಲ್ಲದ ಕಷಾಯ ಕುಡಿದರೆ ಗಂಟಲಿಗೆ ಹಿತ. ಊಟವಾದ ಮೇಲೆ ಬೆರಳ ತುದಿಯಷ್ಟು ಬೆಲ್ಲ ಬಾಯಲ್ಲಿಟ್ಟುಕೊಂಡವರು ತಟ್ಟೆ ತುಂಬಾ ಮಿಠಾಯಿ ಕೇಳುವುದಿಲ್ಲ. ಮಕ್ಕಳಿಗೆ ಬೇಕರಿ ಪೊಟ್ಟಣ ಹರಿಯುವ ಬದಲು ಹುರಿದ ಕಡಲೆಕಾಯಿ ಬೀಜದ ಜೊತೆ ಬೆಲ್ಲ ಕೊಡಿ, ಹೊಟ್ಟೆ ಗಟ್ಟಿ ನಿಲ್ಲುತ್ತದೆ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಎಳ್ಳಿನ ಜೊತೆ ತಿನ್ನಲಿ, ಆದರೆ ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಅಲ್ಲ. ಇನ್ನು ಸಕ್ಕರೆ ಕಾಯಿಲೆಯವರು ಬಂದು "ಇದು ತಿನ್ಬೋದಲ್ವಾ?" ಎಂದರೆ ನಾನು ನೇರವಾಗಿ "ಬೇಡ" ಎನ್ನುತ್ತೇನೆ. ಬೆಲ್ಲದಂಗಡಿಯವಳೇ ಬೆಲ್ಲ ಬೇಡ ಎಂದಳಲ್ಲ ಎಂದು ಬೆರಗಾಗಿ, ಅವರು ಮನೆಯ ಉಳಿದವರಿಗೆಂದು ಒಂದು ಅಚ್ಚು ಹೆಚ್ಚೇ ಒಯ್ಯುತ್ತಾರೆ. ನಿಜ ಹೇಳುವುದರಲ್ಲೂ ವ್ಯಾಪಾರವಿದೆ, ಹೊಸದಾಗಿ ಅಂಗಡಿ ಇಡುವವರು ಗಮನಿಸಬೇಕು.

ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ಅಣ್ಣ ತಪ್ಪದೆ ನುಂಗಿದ. ಬೆಳಿಗ್ಗೆ ನಾಲೆ ಏರಿಯ ಮೇಲೆ ನಡೆದ. ಅನ್ನ ಬಿಟ್ಟ, ಮುದ್ದೆಯನ್ನೂ ಚಿಕ್ಕದು ಮಾಡಿದ. ಮತ್ತೆ ಮಂಡ್ಯಕ್ಕೆ ಹೋದೆವು. ಸಕ್ಕರೆ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಆಪರೇಷನ್ ಮುಂದಕ್ಕೆ ಹೋಯಿತು. ಮತ್ತೊಮ್ಮೆ ಹೋದೆವು, ಮತ್ತೆ ಮುಂದಕ್ಕೆ. ಡಾಕ್ಟರಮ್ಮ ಕನ್ನಡಕದ ಮೇಲಿಂದ ಅತ್ತಿಗೆಯನ್ನು ನೋಡಿದರು. ಊರಿನ ಅನುಮಾನವೆಲ್ಲ ಅತ್ತಿಗೆಯ ಮೇಲೆಯೇ.

"ಟೀಗೆ ಸಕ್ರೆ ಆಕಿ ಯಾವ ಕಾಲ ಆಯ್ತೋ! ನಾನೂ ಸಪ್ಪೆ ಟೀ ಕುಡ್ಕಂಡು ಸಾಯ್ತಾ ಇವ್ನಿ" ಎಂದು ಅವಳು ಬಸ್ಸಿನಲ್ಲೇ ಅತ್ತುಬಿಟ್ಟಳು. ನಾನು ಅಣ್ಣನ ದಿಂಬು ಎತ್ತಿ ನೋಡಿದೆ, ಅಂಗಿಯ ಜೇಬು ತಡಕಿದೆ, ಊರಿನ ಟೀ ಅಂಗಡಿಯವನಿಗೆ ತಾಕೀತು ಮಾಡಿದೆ. ಎಲ್ಲಿಯೂ ಸುಳಿವಿಲ್ಲ. "ನಮ್ಮವ್ವನ ಆಣೆಗೂ ಸಿಹಿ ತಿಂದಿಲ್ಲ ಕಣಮ್ಮಿ" ಎಂದ ಅಣ್ಣ. ಅವನು ಸುಳ್ಳು ಹೇಳುವಾಗ ಕಿವಿ ಕೆರೆದುಕೊಳ್ಳುತ್ತಾನೆ. ಆ ದಿನ ಕಿವಿ ಮುಟ್ಟಿರಲಿಲ್ಲ.

ಇಂಥ ಕಡೆ ಕೇಳುವುದಕ್ಕಿಂತ ಕೂತು ನೋಡುವುದು ಒಳ್ಳೆಯದು. ಲೋಡು ತುಂಬಿಸುವ ನೆಪ ಹೇಳಿ ಒಂದು ದಿನ ಬೆಳಗಿನಿಂದಲೇ ಆಲೆಮನೆಯಲ್ಲಿ ಕೂತೆ. ಮೊದಲ ಕೊಪ್ಪರಿಗೆ ಕುದಿಯಿತು, ನೊರೆ ಏರಿತು, ಇಳಿಯಿತು, ಗುಳ್ಳೆ ದಪ್ಪವಾಯಿತು. ಅಣ್ಣ ಸೌಟಿನ ತುದಿಯಿಂದ ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟ. ಬೆರಳಲ್ಲಿ ಉಂಡೆ ಮಾಡಿದ. ಕೊಪ್ಪರಿಗೆಯ ಅಂಚಿಗೆ ತಟ್ಟಿ ಸದ್ದು ಕೇಳಿದ. ಆಮೇಲೆ ಆ ಉಂಡೆಯನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮೆದ್ದು, ನುಂಗಿದ. "ಇನ್ನೊಂದ್ ಉರಿ" ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ಉಂಡೆ, ಮತ್ತೆ ಬಾಯಿಗೆ. ಪಾಕ ಇಳಿಸಿದ ಮೇಲೆ, ತೊಟ್ಟಿಯಲ್ಲಿ ಆರುತ್ತಿರುವಾಗ ಅಂಚಿನಿಂದ ಒಂದು ಚೂರು, ಅದೂ ಬಾಯಿಗೆ. ಅದು ಮೊದಲ ಕೊಪ್ಪರಿಗೆ ಮಾತ್ರ. ಸಂಜೆಯವರೆಗೂ ಒಲೆ ಉರಿಯುತ್ತಲೇ ಇರುತ್ತದೆ.

"ಅದೇನಣ್ಣ ಬಾಯಿಗೆ ಆಕ್ಕೊಂಡಿದ್ದು?"

"ಯಾವಾಗ?"

"ಈಗ! ನನ್ನ ಕಣ್ಮುಂದೆ!"

"ಓ, ಇದಾ? ಹದ ನೋಡ್ದೆ."

"ನುಂಗ್ದಲ್ಲ!"

"ಹದ ನೋಡಿ ಇನ್ನೇನು ಮಾಡ್ತಾರೆ? ಅದು ತಿನ್ನೋದು ಅಲ್ಲ ಕಣಮ್ಮಿ, ಕೆಲ್ಸ."

ಓದುವವರಿಗೆ ನಗು ಬರಬಹುದು. ನನಗೆ ಬರಲಿಲ್ಲ, ಏಕೆಂದರೆ ನಾನೂ ಅದೇ ಮನೆಯಲ್ಲಿ ಬೆಳೆದವಳು. ನಮ್ಮಪ್ಪ ಶಿವರಾತ್ರಿಯ ದಿನ ಗುಟುಕು ನೀರೂ ಕುಡಿಯದ ಉಪವಾಸ ಹಿಡಿಯುತ್ತಿದ್ದರು, ಅದೇ ದಿನ ಪಾಕದ ಹದವನ್ನೂ ಬಾಯಲ್ಲೇ ನೋಡುತ್ತಿದ್ದರು. ಉಪವಾಸ ಕೆಟ್ಟಿತು ಎಂದು ಪೂಜಾರಿಯೂ ಅಂದಿಲ್ಲ, ನಮ್ಮವ್ವನೂ ಅಂದಿಲ್ಲ. ಹದ ನೋಡುವುದು ಊಟದ ಲೆಕ್ಕಕ್ಕೆ ಸೇರುವುದೇ ಇಲ್ಲ ಎಂಬುದು ನಮ್ಮ ಕಡೆಯ ಆಲೆಮನೆಗಳಲ್ಲಿ ಗಾಳಿಯಂತೆ ಇರುವ ತಿಳಿವಳಿಕೆ. ಅಣ್ಣ ಡಾಕ್ಟರಮ್ಮನಿಗೆ ಸುಳ್ಳು ಹೇಳಿರಲಿಲ್ಲ. ಅತ್ತಿಗೆಗೂ ಅದು ಕಂಡಿರಲಿಲ್ಲ, ದಿನಾ ಎದುರಲ್ಲೇ ನಡೆಯುತ್ತಿದ್ದರೂ.

"ನಾಲಗೆಗೆ ಗೊತ್ತಿಲ್ದೆ ಇರಬೋದು, ರಕ್ತಕ್ಕೆ ಗೊತ್ತಾಯ್ತದೆ" ಎಂದೆ. "ಬಾಯಿಗೆ ಆಕಿ ಉಗುಳ್ಬುಡು."

ಆಲೆಮನೆಯೊಳಗೆ ನಾವು ಚಪ್ಪಲಿ ಹಾಕಿ ನಡೆಯುವುದಿಲ್ಲ. "ಬೆಲ್ಲ ಉಗುಳೋದಾ? ಇಲ್ಲೀನಾ?" ಎಂದು ಅವನು ನನ್ನನ್ನು ನೋಡಿದ ರೀತಿಗೆ ನಾನೇ ಕಾಲು ಹಿಂದಿಟ್ಟೆ.

ಸರಿ, ಚೌಕಾಸಿಗೆ ಇಳಿದೆ. ನೀವೂ ತಿಳಿದಿರಿ, ಒಂದು ಮೆಟ್ಟಿಲು ಇಳಿಸಬೇಕಾದರೆ ಮೊದಲು ಅಟ್ಟದಿಂದಲೇ ಇಳಿ ಎನ್ನಬೇಕು. "ಹಂಗಾದ್ರೆ ಆಪರೇಸನ್ ಆಗೋ ತಕ ಒಲೆ ಆರ್ಸು. ಕಬ್ಬೆಲ್ಲ ಫ್ಯಾಕ್ಟ್ರಿಗೆ ಓಗ್ಲಿ" ಎಂದೆ.

"ಒಲೆ ಆರ್ಸೋದಾ! ನಿಂಗೆ ತಲೆಗಿಲೆ ಕೆಟ್ಟದಾ?"

"ಇಲ್ಲ ಅಂದ್ರೆ ಮಂಡ್ಯದಿಂದ ಹದ ನೋಡೋರ್ನ ಕರೆಸ್ತೀನಿ."

"ಯಾವನೋ ಬಂದು ನನ್ನ ಕೊಪ್ಪರಿಗೆಗೆ ಕೈ ಆಕದಾ? ಆಗಾಕಿಲ್ಲ."

"ಹಂಗಾದ್ರೆ ಕೈ ನಿಂದು, ಕಿವಿ ನಿಂದು. ಉಂಡೆ ಮಾಡು, ತಟ್ಟು, ಸದ್ದು ಕೇಳು. ನಾಲಗೆ ಮಾತ್ರ ಅತ್ತಿಗೇದು."

ಅವನು ಒಲೆಯನ್ನು ನೋಡಿದ, ಅತ್ತಿಗೆಯನ್ನು ನೋಡಿದ. "ಕಣ್ಣು ಬಂದ ಮೇಲೆ?"

"ಬಂದ ಮೇಲೂ ಅತ್ತಿಗೇದೇ."

"ಹಬ್ಬಕ್ಕೆ?"

"ಹಬ್ಬಕ್ಕೆ ವಾಸ್ನೆ ತಕೋ."

ಅತ್ತಿಗೆ ಕೈ ತೊಳೆದುಕೊಂಡು ಬಂದಳು. ಅಣ್ಣ ಉಂಡೆ ಮಾಡಿ ಅವಳ ಅಂಗೈಗಿಟ್ಟ. ಅವಳು ಬಾಯಿಗೆ ಹಾಕಿಕೊಂಡಳು.

"ಎಂಗದೆ?"

"ಚೆನ್ನಾಗದೆ."

"ಚೆನ್ನಾಗದೆ ಅಂದ್ರೆ ಎಂಗೆ?"

"ಬೆಲ್ಲದಂಗದೆ."

"ಬೆಲ್ಲ ಬೆಲ್ಲದಂಗಿರದೆ ಉಣಸೆ ಅಣ್ಣಿನಂಗಿರ್ತದಾ? ಹಲ್ಲಿಗೆ ಅಂಟ್ತದಾ, ಮುರೀತದಾ? ಉಪ್ಪು ತಗುಲ್ತದಾ?"

"ತಡೀರಿ, ಮಾತಾಡ್ತಾ ಇದ್ರೆ ಕರಗೋಯ್ತದೆ. ಇನ್ನೊಂದು ಕೊಡಿ."

ಆ ದಿನದ ಒಂದು ಕೊಪ್ಪರಿಗೆ ಹದ ಮೀರಿ ಕಲ್ಲಾಯಿತು. ಅದನ್ನು ಒಡೆಯಲು ಸುತ್ತಿಗೆ ಬೇಕಾಯಿತು. ದನಕ್ಕೆ ಹಾಕೋಣ ಎಂದ ಅಣ್ಣ. ಬೇಡ ಎಂದೆ, ಚೂರು ಮಾಡಿ, ಕಷಾಯಕ್ಕೆ ಒಳ್ಳೆಯದು ಎಂದು ಅಂಗಡಿಯಲ್ಲಿಟ್ಟು ಮಾರಿದೆ. ಅದು ನಿಜವಾಗಿಯೂ ಕಷಾಯಕ್ಕೆ ಒಳ್ಳೆಯದೇ. ಕೆಲವು ದಿನಗಳಲ್ಲಿ ಗಂಡ ಹೆಂಡತಿ ನಡುವೆ ಒಂದು ಭಾಷೆ ಕೂತಿತು. "ಜಾರ್ತದೆ" ಎಂದರೆ ಇನ್ನೂ ಉರಿ ಬೇಕು. "ನಿಲ್ತದೆ" ಎಂದರೆ ಇಳಿಸಬಹುದು. "ಕಚ್ತದೆ" ಎಂದರೆ ಓಡಬೇಕು. ಅಣ್ಣ ಮಾತ್ರ ಪ್ರತಿ ಸಲ ಅವಳು ಮೆಲ್ಲುವಾಗ ತಾನೂ ಬಾಯಿ ಆಡಿಸುತ್ತಿದ್ದ, ಕೂಸಿಗೆ ಉಣ್ಣಿಸುವ ತಾಯಿಯಂತೆ.

ಮುಂದಿನ ಸಲ ಡಾಕ್ಟರಮ್ಮ ರಿಪೋರ್ಟು ನೋಡಿ, "ಈಗ ಹೇಳಿ, ಏನು ಬಿಟ್ರಿ?" ಎಂದರು.

"ಕೆಲ್ಸ ಬುಟ್ಟೆ" ಎಂದ ಅಣ್ಣ, ದೊಡ್ಡ ತ್ಯಾಗ ಮಾಡಿದವನ ದನಿಯಲ್ಲಿ.

ಒಂದು ಕಣ್ಣಿನ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು ಅವನು ಜಗಲಿಯಲ್ಲಿ ಕೂತ ದಿನಗಳಲ್ಲಿ ಒಲೆಯನ್ನು ಅತ್ತಿಗೆಯೇ ನಡೆಸಿದಳು. ಅವನು ಜಗಲಿಯಿಂದಲೇ ವಾಸನೆ ಹಿಡಿದು "ಉರಿ ಕಮ್ಮಿ ಮಾಡೇ" ಎಂದು ಕೂಗುತ್ತಿದ್ದ. ಕನ್ನಡಕ ತೆಗೆಯಬಹುದು ಎಂದು ಡಾಕ್ಟರಮ್ಮ ಹೇಳಿದ ಮೇಲೆ ನಾನು ಸರಕಿಗೆಂದು ಹೊಳಲಿಗೆ ಹೋದೆ.

ಅಣ್ಣ ಆಲೆಮನೆಯ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆ ಅವತ್ತಿನ ಮೊದಲ ಅಚ್ಚು ಬಿಡಿಸಿ ಅವನ ಕೈಗೆ ಕೊಟ್ಟಿದ್ದಳು. ಆಪರೇಷನ್ ಆಗದ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಅಚ್ಚನ್ನು ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಹೊಸ ಕಣ್ಣು ಮುಚ್ಚಿ ಹಳೆಯದರಲ್ಲಿ ನೋಡಿದ. ಮತ್ತೆ ಇದರಲ್ಲಿ, ಮತ್ತೆ ಅದರಲ್ಲಿ.

ನಾನು ಮಾತಿಲ್ಲದ ಜಾಗವನ್ನು ಹಾಗೆಯೇ ಬಿಡುವವಳಲ್ಲ. ರೂಢಿಯ ಬಾಯಿ ತಾನಾಗಿ ತೆರೆಯಿತು. "ಈ ಸಲ ಬಣ್ಣ..."

ಅವನು ತಿರುಗಿದ. ಹೊಸ ಕಣ್ಣು ನನ್ನ ಮುಖದ ಮೇಲೆ ನಿಂತಿತು, ಎಷ್ಟೋ ಕಾಲದ ಮೇಲೆ ಸರಿಯಾಗಿ.

"ಏಳಮ್ಮಿ, ಏಳು. ಈ ಸಲ ಬಣ್ಣ?"

"ಏನಿಲ್ಲ ಬುಡಣ್ಣ."

"ಬಂಗಾರದಂಗಿರೋ ಬೆಲ್ಲವ ಕೆರೆ ಮಣ್ಣು ಅನ್ಕೊಂಡು ಪುಡಿ ಆಕಕ್ಕೆ ಹೊಂಟಿದ್ದೆ ನಾನು. ಇವಳು ಯಾಪಾರ ಅಂತಾಳೆ, ನಿಜ ಅಂತಾಳೆ..." ಅತ್ತಿಗೆಯ ಕಡೆ ತಿರುಗಿ, "ನೋಡೇ, ಮಕ ಎಷ್ಟು ದಪ್ಪ ಆಗ್ಬುಟ್ಟದೆ ಇವಳದು, ನನ್ನ ಬೆಲ್ಲ ತಿಂದು" ಎಂದ. ಅತ್ತಿಗೆ ಬಾಯಿಗೆ ಸೆರಗು ಹಿಡಿದುಕೊಂಡಳು.

ಅಚ್ಚಿನ ಮೂಲೆಯಿಂದ ಅವನು ಒಂದು ದೊಡ್ಡ ಚೂರು ಮುರಿದ. ಅಭ್ಯಾಸದ ಕೈ ಬಾಯಿಯವರೆಗೆ ಹೋಯಿತು. ಅತ್ತಿಗೆಯ ನಗು ನಿಂತಿತು. ಕೈ ಅಲ್ಲೇ ತಡೆದು, ಮೂಗಿಗೆ ಹಿಡಿದು ಒಂದು ಸಲ ವಾಸನೆ ತೆಗೆದುಕೊಂಡು, ಆ ಚೂರನ್ನು ನನ್ನ ಕಡೆ ಚಾಚಿದ.

"ತಕೋ. ಮೊದ್ಲು ಇದ ಬಾಯಿಗೆ ಆಕ್ಕೋ. ಆಮೇಲೆ ಬಣ್ಣ ಇಲ್ಲ ಅನ್ನು ನೋಡಾನ."

ದರ ಕುದುರುವ ಮೊದಲು ಮಾರುವವರು ಕೊಟ್ಟ ಚೂರನ್ನು ಬಾಯಿಗೆ ಹಾಕಬಾರದು ಎಂದು ಮೇಲೆ ನಾನೇ ಹೇಳಿದ್ದೇನೆ. ಆದರೂ ಹಾಕಿಕೊಂಡೆ. ಚೂರು ದೊಡ್ಡದಿತ್ತು, ಕೆನ್ನೆ ಉಬ್ಬಿತು. ಅದು ಕರಗುವಷ್ಟರಲ್ಲಿ ಅಣ್ಣ ತನ್ನ ದರ ಹೇಳಿ ಮುಗಿಸಿ, ಲೋಡಿನವರಿಗೆ ಕೈ ಬೀಸಿ, ಒಲೆಯ ಕಡೆ ಹೊರಟಿದ್ದ, ದಾರಿಯಲ್ಲಿ ಬಿದ್ದಿದ್ದ ಕಬ್ಬಿನ ಸಿಪ್ಪೆಯನ್ನು ಎಲ್ಲೂ ಎಡವದೆ ದಾಟಿಕೊಂಡು.